ಗಾರೆಯಿಂದ ಸಿಲಿಕೋನ್‌ವರೆಗೆ: ಬಚ್ಚಲ ಸಂದಿನ ಚರಿತ್ರೆ



ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ಹಳೆಯ ರಸ್ತೆಗಳಲ್ಲಿ ನಡೆದು ಹೋದರೆ, ಯಾವುದಾದರೂ ಮನೆಯ ಬಚ್ಚಲನ್ನು ಒಡೆದು ಹೊಸದು ಮಾಡುವ ಸದ್ದು ನಿಮ್ಮ ಕಿವಿಗೆ ಬಿದ್ದೀತು. ಅಲ್ಲಿ ಕೆಲಸ ಮಾಡುವವರನ್ನು ಸ್ವಲ್ಪ ಹೊತ್ತು ಗಮನಿಸಿ. ಟೈಲ್ಸನ್ನು ಸುತ್ತಿಗೆ, ಉಳಿಗಳಿಂದ ಕಿತ್ತು ಹಾಕುವುದು ಅವರಿಗೆ ಕಷ್ಟವಲ್ಲ. ಆದರೆ ಉಳಿಸಿಕೊಳ್ಳಬೇಕಾದ ವಾಶ್‌ಬೇಸಿನ್ನಿನ ಅಂಚಿನಲ್ಲಿ ಕಪ್ಪು ಹಿಡಿದು ಕುಳಿತ ರಬ್ಬರಿನಂಥ ಪಟ್ಟಿಯೊಂದಿರುತ್ತದೆ. ಅದು ನೀರಿನಲ್ಲಿ ನೆನೆಯುವುದಿಲ್ಲ, ಬಿಸಿನೀರಿಗೆ ಮೆತ್ತಗಾಗುವುದಿಲ್ಲ, ಸೀಮೆಎಣ್ಣೆಯಲ್ಲಿ ಉಬ್ಬೀತೇ ಹೊರತು ಕರಗುವುದಿಲ್ಲ. ಅದೇ ಸಿಲಿಕೋನ್ ಸೀಲೆಂಟ್. ಈ ಹಟಮಾರಿತನ ಅದಕ್ಕೆ ಎಲ್ಲಿಂದ ಬಂತು? ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಸಿಮೆಂಟು ದುಬಾರಿಯಾಗಿದ್ದ ಕಾಲದಲ್ಲಿ ನಮ್ಮ ನಾಡಿನ ಕಲ್ಲು, ಇಟ್ಟಿಗೆಗಳನ್ನು ಬೆಸೆಯುತ್ತಿದ್ದುದು ಸುಣ್ಣದ ಗಾರೆ. ಅದಕ್ಕೆ ಸುಟ್ಟ ಇಟ್ಟಿಗೆಯ ಪುಡಿಯನ್ನು, ಅಂದರೆ ಸುರ್ಕಿಯನ್ನು ಬೆರೆಸಿದರೆ ಗಾರೆ ನೀರಿನಲ್ಲಿಯೂ ಗಟ್ಟಿಯಾಗುತ್ತಿತ್ತು. ಸುಟ್ಟ ಜೇಡಿಮಣ್ಣಿನಲ್ಲಿರುವ ಸಿಲಿಕಾ ಸುಣ್ಣದೊಡನೆ ಸಂಯೋಗ ಹೊಂದುವುದೇ ಇದರ ಗುಟ್ಟು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಅಣೆಕಟ್ಟೆಯನ್ನು ಕಟ್ಟಿದ್ದು ಸುರ್ಕಿ ಗಾರೆಯಿಂದಲೇ. ಮರಳಿನಲ್ಲೂ ಮಣ್ಣಿನಲ್ಲೂ ಇರುವ ಸಿಲಿಕಾನ್ ಎಂಬ ಮೂಲವಸ್ತು ಅಂದೇ ನಮ್ಮ ಸಂದುಗಳನ್ನು ಕಾಯುತ್ತಿತ್ತು ಎಂಬುದನ್ನು ನೆನಪಿನಲ್ಲಿಡಿ; ಅದು ಈ ಕಥೆಯಲ್ಲಿ ಮತ್ತೆ ಬರಲಿದೆ.

ಹಂಡೆ, ಒಲೆಗಳಿದ್ದ ಹಳೆಯ ಬಚ್ಚಲು ಸಾಮಾನ್ಯವಾಗಿ ಮನೆಯ ಹಿಂಭಾಗದಲ್ಲಿ, ನೆಲಮಟ್ಟದಲ್ಲಿಯೇ ಇರುತ್ತಿತ್ತು. ಕಲ್ಲು ಚಪ್ಪಡಿಗಳ ಸಂದು ಬಿಟ್ಟರೆ ನೀರು ಮಣ್ಣಿಗೆ ಇಳಿಯುತ್ತಿತ್ತು. ಗಾರೆ ಕೆಲಸದವರು ಬಂದು ಹಳೆಯದನ್ನು ಕೆರೆದು ಹೊಸ ಗಾರೆ ತುಂಬಿದರೆ ಮುಗಿಯಿತು.

ಬೆಂಗಳೂರು ಬೆಳೆದಂತೆ ಈ ಸ್ಥಿತಿ ಬದಲಾಯಿತು. 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಹುಟ್ಟಿತು. 1948ರಲ್ಲಿ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಜಯನಗರಕ್ಕೆ ಅಡಿಗಲ್ಲು ಹಾಕಿದರು. 1974ರಲ್ಲಿ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಮೇಲೇರಿ ನಗರಕ್ಕೆ ಬಂತು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ರಚನೆಯಾಯಿತು. ಕೆಂಪು ನೆಲದ ಒಂಟಿ ಮನೆಗಳ ಮೇಲೆ ಬಾಡಿಗೆಯ ಮಹಡಿಗಳು ಎದ್ದವು, ಬಳಿಕ ಅಪಾರ್ಟ್‌ಮೆಂಟುಗಳು ಬಂದವು. ಬಚ್ಚಲು ಮನೆಯೊಳಕ್ಕೆ ಬಂತು, ಮಹಡಿಯನ್ನೂ ಏರಿತು. ಅಲ್ಲಿಗೆ ಸಂದಿನ ಅರ್ಥವೇ ಬೇರೆಯಾಯಿತು. ಈಗ ನೀರು ಇಳಿಯುವುದು ಮಣ್ಣಿಗಲ್ಲ, ಕೆಳಗಿನ ಮನೆಯವರ ತಾರಸಿಗೆ. ಅದು ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳನ್ನು ಮುಟ್ಟಿದರೆ ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟು ಸಿಡಿದು ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಮೇಲಿನವರಿಗೂ ಕೆಳಗಿನವರಿಗೂ ಮಾತು ಬಿಡಿಸಲು ಒಂದು ಕೂದಲೆಳೆಯ ಬಿರುಕು ಸಾಕು.

ಹಾಗಾದರೆ ಸಂದಿಗೆ ಬಿಳಿ ಸಿಮೆಂಟ್ ತುಂಬಿದರೆ ಸಾಲದೆ? ಎರಡು ಟೈಲುಗಳ ನಡುವೆ ಸಾಕು. ಆದರೆ ಗೋಡೆ ಮತ್ತು ನೆಲ, ಗೋಡೆ ಮತ್ತು ಬೇಸಿನ್ ಕೂಡುವ ಕಡೆ ಸಾಲದು. ಬಿಸಿನೀರು ಬಿದ್ದಾಗ, ಭಾರ ಬಿದ್ದಾಗ ಇವೆರಡೂ ಒಂದೇ ಪ್ರಮಾಣದಲ್ಲಿ ಅಲುಗುವುದಿಲ್ಲ. ಬಾಗಲಾರದ ಸಿಮೆಂಟು ಅಲ್ಲಿ ಬಿರಿಯುತ್ತದೆ. ಅಲ್ಲಿಗೆ ಹಿಗ್ಗಿ ಕುಗ್ಗುವ ವಸ್ತುವೇ ಬೇಕು. ಒಳ್ಳೆಯ ದರ್ಜೆಯ ಸಿಲಿಕೋನ್ ಸೀಲೆಂಟುಗಳು ಸಂದಿನ ಅಗಲದ ಶೇಕಡ 25ರಷ್ಟು ಚಲನೆಯನ್ನು ತಾಳಬಲ್ಲವು.

ಆ ವಸ್ತು ಹುಟ್ಟಿದ್ದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ಅಲ್ಲಿನ ಪ್ರಾಧ್ಯಾಪಕ ಫ್ರೆಡರಿಕ್ ಸ್ಟಾನ್ಲಿ ಕಿಪ್ಪಿಂಗ್ 1899ರ ಸುಮಾರಿಗೆ ಸಿಲಿಕಾನಿನ ಸಾವಯವ ಸಂಯುಕ್ತಗಳ ಅಧ್ಯಯನ ಕೈಗೊಂಡರು. ಇಂಗಾಲದ ಕೀಟೋನುಗಳಂಥ ವಸ್ತು ಸಿಕ್ಕಿತೆಂದು ಭಾವಿಸಿ ‘ಸಿಲಿಕೋನ್’ ಎಂಬ ಹೆಸರಿಟ್ಟರು. ವಾಸ್ತವವಾಗಿ ಅದು ಕೀಟೋನಿನಂಥದಲ್ಲ; ಸಿಲಿಕಾನ್, ಆಮ್ಲಜನಕಗಳು ಒಂದಾದ ಮೇಲೊಂದರಂತೆ ಪೋಣಿಸಿಕೊಂಡ ಉದ್ದನೆಯ ಸರಪಳಿ. ತಪ್ಪು ತಿಳಿವಳಿಕೆಯಿಂದ ಹುಟ್ಟಿದ ಹೆಸರೇ ಉಳಿಯಿತು. ಪಾತ್ರೆಯ ತಳದಲ್ಲಿ ಉಳಿಯುತ್ತಿದ್ದ ಅಂಟು ಪದಾರ್ಥದಿಂದ ಪ್ರಯೋಜನವಾದೀತೆಂಬ ಭರವಸೆ ಕಿಪ್ಪಿಂಗರಿಗೆ ಇರಲಿಲ್ಲ.

ಮುಂದಿನ ಹೆಜ್ಜೆ ಅಮೆರಿಕದಲ್ಲಿ. 1930ರ ದಶಕದಲ್ಲಿ ಕಾರ್ನಿಂಗ್ ಗಾಜಿನ ಕಂಪನಿಯ ಜೇಮ್ಸ್ ಫ್ರಾಂಕ್ಲಿನ್ ಹೈಡ್ ಈ ಅಂಟಿನ ಬೆಲೆಯನ್ನು ಗುರುತಿಸಿದರು. 1940ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಯೂಜೀನ್ ರೋಶೊ, ಕಾಯಿಸಿದ ಸಿಲಿಕಾನಿನ ಮೇಲೆ ತಾಮ್ರದ ನೆರವಿನಿಂದ ಮೀಥೈಲ್ ಕ್ಲೋರೈಡ್ ಅನಿಲ ಹಾಯಿಸಿ, ಸಿಲಿಕೋನ್‌ನ ಕಚ್ಚಾವಸ್ತುವನ್ನು ಅಗ್ಗವಾಗಿ ಪಡೆಯುವ ದಾರಿ ಕಂಡುಹಿಡಿದರು. ಜರ್ಮನಿಯ ರಿಚರ್ಡ್ ಮ್ಯೂಲರ್ ಕೂಡ ಸ್ವತಂತ್ರವಾಗಿ ಇದೇ ದಾರಿ ಕಂಡರು. 1943ರಲ್ಲಿ ಡೌ ಕಾರ್ನಿಂಗ್ ಕಂಪನಿ ಸ್ಥಾಪನೆಯಾಯಿತು. ಯುದ್ಧವಿಮಾನಗಳ ವಿದ್ಯುತ್ ಭಾಗಗಳಿಗೆ ತೇವ ತಗಲದಂತೆ ಸಿಲಿಕೋನ್ ಬಳಕೆಗೆ ಬಂತು. 1969ರಲ್ಲಿ ಚಂದ್ರನ ಮೇಲೆ ಮೂಡಿದ ಹೆಜ್ಜೆಗುರುತು ಸಿಲಿಕೋನ್ ರಬ್ಬರಿನ ಅಟ್ಟೆಯದೇ. ಶಾಖ, ಶೀತ, ಬಿಸಿಲು ಯಾವುದಕ್ಕೂ ಬಗ್ಗದ ವಸ್ತು ಬಚ್ಚಲಿಗೂ ಇಳಿದು ಬಂತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಸಿಲಿಕಾನ್ ಮತ್ತು ಆಮ್ಲಜನಕದ ನಡುವಿನ ಬಂಧ ಇಂಗಾಲ-ಇಂಗಾಲದ ಬಂಧಕ್ಕಿಂತ ಬಲವಾದದ್ದು. ಕೊಳವೆಯಿಂದ ಹಿಂಡಿದ ಸಿಲಿಕೋನ್ ಗಾಳಿಯ ತೇವವನ್ನು ಹೀರಿ ಸರಪಳಿಗಳನ್ನು ಹೆಣೆದು ಬಲೆಯಾಗುತ್ತದೆ. ಒಂದು ಬಗೆಯ ಸೀಲೆಂಟು ಹೀಗೆ ಗಟ್ಟಿಯಾಗುವಾಗ ಹುಳಿ ವಾಸನೆ ಬರುತ್ತದಲ್ಲ, ಅದು ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲದ್ದೇ. ಒಮ್ಮೆ ಬಲೆ ಕಟ್ಟಿತೆಂದರೆ ಮತ್ತೆ ಕರಗಿಸುವ ಮಾತಿಲ್ಲ, ಕತ್ತರಿಸಬೇಕು.

ಬಲ್ಲ ಕೆಲಸಗಾರರು ಮಾಡುವುದು ಅದನ್ನೇ. ಹರಿತವಾದ ಬ್ಲೇಡನ್ನು ಗೋಡೆಗೆ ಒರಗಿಸಿ ಪಟ್ಟಿಯ ಮೇಲಂಚನ್ನು ಸೀಳುತ್ತಾರೆ, ಆಮೇಲೆ ಕೆಳಗಂಚನ್ನು. ನಿಧಾನವಾಗಿ ಎಳೆದರೆ ಪಟ್ಟಿ ಉದ್ದಕ್ಕೆ ಬಿಟ್ಟು ಬರುತ್ತದೆ. ಗೀರು ಬೀಳುವ ಪ್ಲಾಸ್ಟಿಕ್ ತೊಟ್ಟಿಯಾದರೆ ಲೋಹದ ಬದಲು ಪ್ಲಾಸ್ಟಿಕ್ ಪಟ್ಟಿ ಬಳಸುತ್ತಾರೆ. ಮುಖ್ಯ ಕೆಲಸ ಇರುವುದು ಇದರ ನಂತರ. ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಅಲ್ಲೇ ಉಳಿದಿರುತ್ತದೆ. ಅದರ ಮೇಲೆ ಹೊಸ ಸಿಲಿಕೋನ್ ಸರಿಯಾಗಿ ಅಂಟುವುದಿಲ್ಲ. ಕೆಲವೇ ತಿಂಗಳಲ್ಲಿ ಅಂಚು ಬಿಟ್ಟು, ಒಳಗೆ ನೀರು ನಿಂತು, ಸೋಪಿನ ಜಿಡ್ಡಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ.

ಪೊರೆ ಉಳಿದಿದೆಯೇ ಎಂದು ನೀವೇ ಪರೀಕ್ಷಿಸಬಹುದು. ಒರೆಸಿ ಒಣಗಿಸಿದ ಪಿಂಗಾಣಿಯ ಮೇಲೆ ಒಂದು ಹನಿ ನೀರು ಬಿಡಿ. ಶುದ್ಧವಾಗಿದ್ದರೆ ಹನಿ ಹರಡುತ್ತದೆ. ಸಿಲಿಕೋನ್ ಇದ್ದರೆ ಕೆಸುವಿನ ಎಲೆಯ ಮೇಲಿನಂತೆ ಮುತ್ತಾಗಿ ನಿಲ್ಲುತ್ತದೆ. ಅಂಥಲ್ಲಿ ಮತ್ತೆ ಕೆರೆಯಬೇಕು, ಅಥವಾ ಅದಕ್ಕೆಂದೇ ಅಂಗಡಿಯಲ್ಲಿ ಸಿಗುವ ದ್ರವ ಹಚ್ಚಿ ಒರೆಸಬೇಕು. ಬಳಿಕ ಸಂದನ್ನು ಒಂದು ದಿನ ಒಣಗಲು ಬಿಡಬೇಕು.

ಎರಡು ಎಚ್ಚರಿಕೆಗಳು. ಕಡಪ ಕಲ್ಲು ಸುಣ್ಣಕಲ್ಲಿನ ಜಾತಿಯದು. ಆಮ್ಲ ಅದನ್ನು ತಿನ್ನುವುದರಿಂದ ಅಲ್ಲಿಗೆ ಹುಳಿ ವಾಸನೆಯ ಸಿಲಿಕೋನ್ ಬೇಡ, ತಟಸ್ಥ ಬಗೆಯದು ಬೇಕು. ಇನ್ನೊಂದು, ಬೂಷ್ಟು ಹೋಗಲೆಂದು ಬ್ಲೀಚಿಂಗ್ ಪುಡಿಗೆ ಬಚ್ಚಲು ತೊಳೆಯುವ ಆಸಿಡ್ಡನ್ನು ಎಂದಿಗೂ ಬೆರೆಸಬೇಡಿ. ಹೊರಡುವುದು ಕ್ಲೋರಿನ್ ಅನಿಲ. 1915ರಲ್ಲಿ ಈಪ್ರೆ ರಣರಂಗದಲ್ಲಿ ಸೈನಿಕರ ಉಸಿರು ಕಟ್ಟಿಸಿದ್ದು ಅದೇ. ಕಿಟಕಿ ಚಿಕ್ಕದಾದ ಬಚ್ಚಲಿನಲ್ಲಿ ಅದರಿಂದ ಪ್ರಾಣಕ್ಕೇ ಅಪಾಯ.

ಗಾರೆಯನ್ನು ಕೆರೆದು ತುಂಬುತ್ತಿದ್ದವರಿಗೂ ಬ್ಲೇಡು ಹಿಡಿದು ಪೊರೆ ಬಿಡಿಸುವವರಿಗೂ ಒಂದೇ ನಿಯಮ: ಹಳೆಯದನ್ನು ಪೂರ್ತಿ ತೆಗೆಯದೆ ಹೊಸದು ನಿಲ್ಲದು. ವಸ್ತು ಬಲವಾದಷ್ಟೂ ಆ ಕೆಲಸಕ್ಕೆ ಹೆಚ್ಚು ಸಮಯ ಬೇಕು. ‘ಇದರ ಮೇಲೆಯೇ ಹಚ್ಚಿ ಮುಗಿಸಿಬಿಡಿ’ ಎಂದು ಮನೆಯವರು ಅವಸರ ಮಾಡಿದರೆ ಆ ಉಳಿತಾಯದ ಬೆಲೆ ತೆರುವವರು ಕೆಳಗಿನ ಮನೆಯವರು. ನಿಮ್ಮ ಮನೆಯಲ್ಲಿ ಇಂಥ ಕೆಲಸ ನಡೆದರೆ, ಮೇಸ್ತ್ರಿಗೆ ಆ ಒಂದು ದಿನವನ್ನು ಕೊಡಿಸುವ ಮಾತನ್ನು ನೀವು ಆಡಿ.