ಅಜ್ಜಿಯನ್ನು ಬಿಟ್ಟುಕೊಡದ ಅಭ್ಯರ್ಥಿ

ನಾನು ಕೆಲಸಕ್ಕಿರುವ ಜಹೀರಾಬಾದ್ 1956ರವರೆಗೆ ಬೀದರ್ ಜಿಲ್ಲೆಯಲ್ಲಿತ್ತು. ನಾರಾಯಣಖೇಡವೂ ಅಷ್ಟೆ. ತಾಂಡೂರು ಗುಲ್ಬರ್ಗ ಜಿಲ್ಲೆಯ ತಾಲೂಕು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಬೀದರ್, ಗುಲ್ಬರ್ಗ ಮೈಸೂರಿಗೆ ಸೇರಿದವು, ಈ ಮೂರು ಊರುಗಳು ಆಂಧ್ರಕ್ಕೆ ಹೋದವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಪೇಟೆಯಲ್ಲಿ ದಖನಿ ಮಾತಾಡುವವರು ಇಲ್ಲಿ ಈಗಲೂ ಇದ್ದಾರೆ. ಆದರೆ ಚುನಾವಣೆ ಬಂದರೆ ಎಲ್ಲ ಕಡೆಯಂತೆ ಇಲ್ಲಿಯೂ ಅದೇ ಪ್ರಶ್ನೆ: ಅಭ್ಯರ್ಥಿ ಯಾರ ಪೈಕಿ? ಉತ್ತರ ಒಂದೇ ಮಾತಿನಲ್ಲಿ ಬೇಕು.

ಆ ಒಂದೇ ಮಾತಿನ ಉತ್ತರಕ್ಕೆ ಒಪ್ಪದವರು ಬರಾಕ್ ಒಬಾಮ. ತಂದೆ ಕೀನ್ಯಾದ ಕಪ್ಪು ಜನಾಂಗದವರು, ತಾಯಿ ಕಾನ್ಸಾಸ್‌ನ ಬಿಳಿಯರು. 2008ರಲ್ಲಿ ಅವರ ಚರ್ಚಿನ ಪಾದ್ರಿ ಜೆರೆಮಯಾ ರೈಟ್ ಅವರ ಖಾರವಾದ ಪ್ರವಚನಗಳು ಟಿವಿಯಲ್ಲಿ ಬಂದು ದೊಡ್ಡ ಗಲಾಟೆಯಾಯಿತು. ಮಾರ್ಚ್ 18ರಂದು ಫಿಲಡೆಲ್ಫಿಯಾದಲ್ಲಿ ಒಬಾಮ ಆ ಮಾತುಗಳನ್ನು ಖಂಡಿಸಿದರು. ಆದರೆ ತನ್ನನ್ನು ಸಾಕಿದ ಬಿಳಿಯ ಅಜ್ಜಿಯನ್ನು ಹೇಗೆ ಬಿಡಲಾರೆನೋ ಹಾಗೆಯೇ ಈ ಪಾದ್ರಿಯನ್ನೂ ಬಿಡಲಾರೆ ಎಂದರು. ಆ ಅಜ್ಜಿ ಬೀದಿಯಲ್ಲಿ ಕಪ್ಪು ಗಂಡಸರನ್ನು ಕಂಡರೆ ಹೆದರುತ್ತಿದ್ದರು ಎಂಬುದನ್ನೂ ಮುಚ್ಚಿಡಲಿಲ್ಲ. ಮುಂದಿನ ತಿಂಗಳು ಪಾದ್ರಿಯ ಸಂಬಂಧ ಕಡಿದುಹೋಯಿತು. ಅಜ್ಜಿಯ ಮಾತು ಉಳಿಯಿತು.

ಈ ಧೈರ್ಯಕ್ಕೂ ಒಂದು ಮಿತಿ ಇತ್ತು. ಅವರ ಹೆಸರಿನಲ್ಲಿ ಹುಸೇನ್ ಇದೆ. ಅವರು ಮುಸ್ಲಿಮರೆಂಬ ಪುಕಾರು ಹಬ್ಬಿದಾಗ, ತಾನು ಕ್ರೈಸ್ತನೆಂದು ಮತ್ತೆ ಮತ್ತೆ ಹೇಳಿದರು. ಅದು ನಿಜವೇ. ಆದರೆ ಆ ವರ್ಷದ ಜೂನ್‌ನಲ್ಲಿ ಡೆಟ್ರಾಯಿಟ್‌ನ ಸಭೆಯಲ್ಲಿ ತಲೆವಸ್ತ್ರ ಧರಿಸಿದ್ದ ಇಬ್ಬರು ಯುವತಿಯರನ್ನು ಕ್ಯಾಮೆರಾಕ್ಕೆ ಕಾಣುವ ಜಾಗದಲ್ಲಿ ಕೂರಲು ಕಾರ್ಯಕರ್ತರು ಬಿಡಲಿಲ್ಲ. ಒಬಾಮ ನಂತರ ಕ್ಷಮೆ ಕೇಳಿದರು. ಮುಸ್ಲಿಮನಾಗಿದ್ದರೆ ತಪ್ಪೇನು ಎಂದು ಟಿವಿಯಲ್ಲಿ ಕೇಳಿದ್ದು ಎದುರು ಪಕ್ಷದ ಕಾಲಿನ್ ಪಾವೆಲ್. ತಂದೆಯ ಕಡೆ ತಲೆಮಾರುಗಳಿಂದ ಮುಸ್ಲಿಮರಿದ್ದಾರೆಂದು ಒಬಾಮ ಕೈರೋದಲ್ಲಿ ಹೇಳಿದ್ದು 2009ರ ಜೂನ್ 4ರಂದು, ಗೆದ್ದು ಅಧ್ಯಕ್ಷರಾದ ಮೇಲೆ.

ಇನ್ನು ನಾವು ಬ್ಯಾರಿಗಳು. ಅರಬ್ ವರ್ತಕರು ಹಡಗಿನಲ್ಲಿ ಬಂದ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಅವರು ಮದುವೆಯಾದ ಈ ಕರಾವಳಿಯ ಹೆಣ್ಣುಮಕ್ಕಳ ಬಗ್ಗೆ ಹೇಳುವುದು ಕಡಿಮೆ. ಇಲ್ಲಿಯೇ ಹುಟ್ಟಿ ಇಸ್ಲಾಮಿಗೆ ಬಂದ ಹಿರಿಯರ ಬಗ್ಗೆ ಇನ್ನೂ ಕಡಿಮೆ. ‘ಬ್ಯಾರಿ’ ಎಂಬ ಹೆಸರು ಅರಬಿಯ ‘ಬಹ್ರ್’, ಅಂದರೆ ಕಡಲು, ಎಂಬುದರಿಂದ ಬಂತೆಂದು ಕೆಲವರು, ತುಳುವಿನ ‘ಬ್ಯಾರ’, ಅಂದರೆ ವ್ಯಾಪಾರ, ಎಂಬುದರಿಂದ ಬಂತೆಂದು ಕೆಲವರು ಹೇಳುತ್ತಾರೆ. ಮೊದಲನೆಯದನ್ನು ಹೇಳುವಾಗ ನಮ್ಮ ಸ್ವರ ಸ್ವಲ್ಪ ಏರುತ್ತದೆ. ನಾವಾಡುವ ಭಾಷೆಯಲ್ಲಿ ಅರಬಿ ಪದಗಳು ಬೇಕಾದಷ್ಟಿವೆ. ಆದರೆ ಅದರ ವ್ಯಾಕರಣ ದ್ರಾವಿಡ, ಮಲಯಾಳಕ್ಕೆ ಹತ್ತಿರ, ಉಚ್ಚಾರದಲ್ಲಿ ತುಳುವಿನ ಛಾಯೆ. ಮಕ್ಕಳಿಗೆ ಮಾತು ಕಲಿಸಿದ್ದು ತಾಯಂದಿರು ತಾನೆ!

ಹಡಗನ್ನು ಮಾತ್ರ ತೋರಿಸಿದರೆ, ನಮ್ಮನ್ನು ಹೊರಗಿನವರು ಎನ್ನುವವರಿಗೆ ನಾವೇ ಸಾಕ್ಷಿ ಹೇಳಿದಂತಾಗುತ್ತದೆ. ನಮ್ಮವರು ಮತ ಕೇಳಲು ಹೊರಟಾಗ ತಾಯಿಯ ಕಡೆಯನ್ನೂ ತಂದೆಯ ಕಡೆಯನ್ನೂ ಹೇಳಲಿ. ಗೆದ್ದ ಮೇಲೆ ಹೇಳೋಣವೆಂದು ಕಾಯುವುದು ಬೇಡ.