ವಾಹನ ಡೀಟೈಲಿಂಗ್‌ನಲ್ಲಿ ದುಡಿಮೆಯ ಅವಧಿ

'''ವಾಹನ ಡೀಟೈಲಿಂಗ್''' ಎಂದರೆ ಮೋಟಾರು ವಾಹನವನ್ನು ಒಳಗೂ ಹೊರಗೂ ಕೂಲಂಕಷವಾಗಿ ಶುಚಿಗೊಳಿಸಿ, ಬಣ್ಣದ ಮೇಲಿನ ಗೀರುಗಳನ್ನು ತೆಗೆದು, ಹೊಳಪು ಕೊಟ್ಟು, ರಕ್ಷಣಾ ಲೇಪನ ಹಚ್ಚುವ ವೃತ್ತಿ. ದೀರ್ಘ ದುಡಿಮೆ ಮತ್ತು ಬಿಗಿಯಾದ ಗಡುವು ಈ ವೃತ್ತಿಯ ಪ್ರಮುಖ ಸಮಸ್ಯೆಗಳು. ಇಲ್ಲಿನ ಕೆಲವು ಹಂತಗಳಿಗೆ ಬೇಕಾದ ಸಮಯವನ್ನು ಕಡಿಮೆ ಮಾಡಲು ಬರುವುದಿಲ್ಲ. ಆದ್ದರಿಂದ ಗಡುವು ಹತ್ತಿರವಾದಾಗ ಕೆಲಸಗಾರನ ವಿಶ್ರಾಂತಿ ಮೊಟಕಾಗುತ್ತದೆ, ಇಲ್ಲವೇ ಕೆಲಸದ ಗುಣಮಟ್ಟ ಕುಸಿಯುತ್ತದೆ.

== ಹಿನ್ನೆಲೆ ==

ಕರ್ನಾಟಕದ ಸಣ್ಣ ಊರುಗಳಲ್ಲಿ ಈ ಕೆಲಸ ಬಹುಕಾಲದಿಂದ '''ವಾಟರ್ ಸರ್ವಿಸ್''' ಎಂಬ ಹೆಸರಿನಿಂದಲೇ ಪರಿಚಿತ. ವಾಹನವನ್ನು ಎತ್ತರದ ಕಟ್ಟೆಯ ಮೇಲೆ ಹತ್ತಿಸಿ, ಒತ್ತಡದ ನೀರಿನಿಂದ ಅಡಿಭಾಗವನ್ನು ತೊಳೆದು, ನೊರೆ ಹಾಕಿ ಉಜ್ಜಿ, ಬಟ್ಟೆಯಿಂದ ಒರೆಸುವುದು ಅದರ ಕ್ರಮ. ಅದಕ್ಕೂ ಮೊದಲು ಮಲೆನಾಡಿನಲ್ಲಿ ಜೀಪು, ಲಾರಿಗಳನ್ನು ಹಳ್ಳದ ತೆಳುನೀರಿಗೆ ಇಳಿಸಿ ತೊಳೆಯುವ ರೂಢಿಯಿತ್ತು. ಎಣ್ಣೆ, ಗ್ರೀಸುಗಳು ನೀರಿಗೆ ಸೇರುವುದರಿಂದ ಈ ರೂಢಿ ಹೊಳೆಯ ಜೀವಿಗಳಿಗೆ ಹಾನಿಕರ.

ನಗರಗಳಲ್ಲಿ ಕಾರುಗಳು ಹೆಚ್ಚಿದಂತೆ ಪಾಲಿಶ್, ಸೆರಾಮಿಕ್ ಕೋಟಿಂಗ್, ಪೇಂಟ್ ಪ್ರೊಟೆಕ್ಷನ್ ಫಿಲ್ಮ್ ಮೊದಲಾದ ಸೇವೆಗಳನ್ನು ಕೊಡುವ ಪ್ರತ್ಯೇಕ ಅಂಗಡಿಗಳು ಹುಟ್ಟಿಕೊಂಡವು. ತೊಳೆಯುವ ಕೆಲಸಕ್ಕೆ ಮುಖ್ಯವಾಗಿ ಶಕ್ತಿ ಸಾಕಾದರೆ, ಡೀಟೈಲಿಂಗ್‌ಗೆ ತಾಳ್ಮೆ, ಬೆಳಕು ಮತ್ತು ಪರಿಣತಿ ಬೇಕು.

== ಹಂತಗಳು ಮತ್ತು ತಗಲುವ ಸಮಯ ==

ಸಾಮಾನ್ಯವಾಗಿ ಕೆಲಸವು ಈ ಕ್ರಮದಲ್ಲಿ ನಡೆಯುತ್ತದೆ:

* '''ತೊಳೆಯುವಿಕೆ:''' ಮಣ್ಣನ್ನು ನೀರಿನಿಂದ ಸಡಿಲಿಸಿ ನೊರೆಯಿಂದ ತೊಳೆಯಲಾಗುತ್ತದೆ. ಸಾಬೂನಿಗೊಂದು, ಬಟ್ಟೆ ಜಾಲಿಸಲು ಇನ್ನೊಂದು ಎಂದು ಎರಡು ಬಕೆಟ್ ಬಳಸಿದರೆ ಮರಳಿನ ಕಣಗಳು ಮತ್ತೆ ಬಣ್ಣಕ್ಕೆ ತಾಗುವುದು ಕಡಿಮೆಯಾಗುತ್ತದೆ. ಇದಕ್ಕೆ ಅರ್ಧದಿಂದ ಒಂದು ಗಂಟೆ ಬೇಕು.
* '''ಕ್ಲೇ ಬಾರ್ ಬಳಕೆ:''' ತೊಳೆದರೂ ಹೋಗದ ಮರದ ಅಂಟು, ಬ್ರೇಕಿನಿಂದ ಉದುರಿದ ಕಬ್ಬಿಣದ ಪುಡಿ, ಡಾಂಬರಿನ ಚುಕ್ಕೆಗಳನ್ನು ಜೇಡಿಯಂತಹ ಮೃದು ಗಟ್ಟಿಯಿಂದ ಉಜ್ಜಿ ತೆಗೆಯಲಾಗುತ್ತದೆ.
* '''ಪಾಲಿಶ್:''' ತಿರುಗುವ ಯಂತ್ರದಿಂದ ಬಣ್ಣದ ಮೇಲಿರುವ ಪಾರದರ್ಶಕ ಪದರವನ್ನು ಅತಿ ಸ್ವಲ್ಪವಾಗಿ ಸವೆಸಿ ಗೀರುಗಳನ್ನು ಮಾಯಿಸಲಾಗುತ್ತದೆ. ಈ ಪದರದ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್. ಅಂದರೆ ತಲೆಗೂದಲಿಗಿಂತಲೂ ತೆಳು. ಗೀರುಗಳು ಹೆಚ್ಚಿರುವ ಕಾರಿಗೆ ಎರಡು ದಿನಗಳ ಕೆಲಸ ಹಿಡಿಯುವುದೂ ಉಂಟು.
* '''ಲೇಪನ:''' ಸೆರಾಮಿಕ್ ಲೇಪನವನ್ನು ಒಂದೊಂದು ಭಾಗಕ್ಕೇ ಹಚ್ಚಿ, ಸರಿಯಾದ ಕ್ಷಣದಲ್ಲಿ ಒರೆಸಬೇಕು. ಬಳಿಕ ವಾಹನವನ್ನು ಸುಮಾರು 12ರಿಂದ 24 ಗಂಟೆ ನೀರು, ಧೂಳು ಸೋಕದಂತೆ ಇಡಬೇಕು. ಪೂರ್ತಿ ಗಟ್ಟಿಯಾಗಲು ಇನ್ನೂ ಕೆಲವು ದಿನಗಳು ಬೇಕು.
* '''ಒಳಾಂಗಣ:''' ಸೀಟು, ನೆಲಹಾಸು, ಚಾವಣಿಯ ಬಟ್ಟೆಗಳನ್ನು ಶುಚಿಗೊಳಿಸಿ ಒಣಗಿಸಲಾಗುತ್ತದೆ. ಅರೆಬರೆ ಒಣಗಿದ ಸೀಟಿಗೆ ವಾಸನೆಯೂ ಬೂಸ್ಟೂ ಹಿಡಿಯುತ್ತವೆ.

ಇವುಗಳಲ್ಲಿ ತೊಳೆಯುವುದನ್ನೂ ಪಾಲಿಶ್ ಮಾಡುವುದನ್ನೂ ಇನ್ನಿಬ್ಬರು ಕೆಲಸಗಾರರನ್ನು ಸೇರಿಸಿ ಬೇಗ ಮುಗಿಸಬಹುದು. ಲೇಪನ ಗಟ್ಟಿಯಾಗುವುದು, ಸೀಟು ಒಣಗುವುದು ಮಾತ್ರ ಎಷ್ಟು ಜನ ಸೇರಿದರೂ ಬೇಗನೆ ಆಗುವುದಿಲ್ಲ.

== ಗಡುವು ಬಿಗಿಯಾಗುವ ಸಂದರ್ಭಗಳು ==

'''ಆಯುಧಪೂಜೆ:''' ಕರ್ನಾಟಕದಲ್ಲಿ ವಾಹನ ತೊಳೆಯುವವರಿಗೆ ವರ್ಷದ ಅತ್ಯಂತ ಒತ್ತಡದ ದಿನಗಳು ಮಹಾನವಮಿಯ ಹಿಂದಿನ ಒಂದೆರಡು ದಿನಗಳು. ಸೈಕಲ್ಲಿನಿಂದ ಲಾರಿಯವರೆಗೆ ಎಲ್ಲವೂ ಪೂಜೆಯ ಹೊತ್ತಿಗೆ ಶುಚಿಯಾಗಿರಬೇಕೆಂಬುದು ಜನರ ಅಪೇಕ್ಷೆ. ಮುಹೂರ್ತವನ್ನು ಮುಂದೂಡುವಂತಿಲ್ಲವಾದ್ದರಿಂದ ಅಂಗಡಿಗಳ ಮುಂದೆ ವಾಹನಗಳು ಸಾಲುಗಟ್ಟಿ, ಕೆಲಸ ರಾತ್ರಿಯಿಡೀ ನಡೆಯುವುದುಂಟು. ಅದೇ ಬೆಳಗ್ಗೆ ಕೆಲಸಗಾರರು ತಮ್ಮ ಪಂಪು, ಪಾಲಿಶ್ ಯಂತ್ರಗಳನ್ನೂ ತೊಳೆದು ಪೂಜೆಗಿಡಬೇಕಾಗುತ್ತದೆ.

'''ಮದುವೆ ಮತ್ತು ಪ್ರವಾಸ:''' ಲಗ್ನಗಳು ಹೆಚ್ಚಿರುವ ಬೇಸಿಗೆಯಲ್ಲಿ ದಿಬ್ಬಣದ ವಾಹನಗಳು ಒಮ್ಮೆಗೇ ಬರುತ್ತವೆ. ಯಾತ್ರಾಸ್ಥಳಗಳ ಬಾಡಿಗೆ ಕಾರುಗಳು ರಾತ್ರಿ ಮರಳಿ, ನಸುಕಿನಲ್ಲೇ ಮತ್ತೊಂದು ಬಾಡಿಗೆಗೆ ಹೊರಡುವುದರಿಂದ, ಅವುಗಳನ್ನು ತೊಳೆಯಲು ರಾತ್ರಿಯ ಕೆಲವು ಗಂಟೆಗಳಷ್ಟೇ ದೊರೆಯುತ್ತವೆ.

'''ಹೊಸ ಕಾರಿನ ಹಸ್ತಾಂತರ:''' ಮಾರಾಟ ಮಳಿಗೆಯಿಂದ ಹೊಸ ಕಾರನ್ನು ಒಳ್ಳೆಯ ದಿನ, ಒಳ್ಳೆಯ ಗಳಿಗೆ ನೋಡಿ ಒಯ್ಯುವವರು ಬಹಳ. ಹೀಗಾಗಿ ಒಂದೇ ದಿನ ಹಲವು ಕಾರುಗಳನ್ನು ಸಿದ್ಧಪಡಿಸಬೇಕಾಗುತ್ತದೆ.

'''ವಸತಿ ಸಮುಚ್ಚಯಗಳು:''' ಬೆಂಗಳೂರಿನಲ್ಲಿ ಮನೆಮನೆಯ ಕಾರುಗಳನ್ನು ದಿನವೂ ಒರೆಸುವ ಪ್ರತ್ಯೇಕ ಕೆಲಸಗಾರರಿದ್ದಾರೆ. ಮಾಲೀಕರು ಕಚೇರಿಗೆ ಹೊರಡುವ ಮೊದಲೇ ಕೆಲಸ ಮುಗಿಯಬೇಕಾದ ಕಾರಣ ಇವರ ದಿನ ಬೆಳಕು ಹರಿಯುವ ಮೊದಲೇ ಆರಂಭವಾಗುತ್ತದೆ. ಬಹುಪಾಲು ಸಂಬಳ ಕಾರಿನ ಲೆಕ್ಕದಲ್ಲಿರುವುದರಿಂದ ಹೆಚ್ಚು ಸಂಪಾದಿಸಬೇಕಾದರೆ ಅಷ್ಟೇ ಹೊತ್ತಿನಲ್ಲಿ ಹೆಚ್ಚು ಕಾರುಗಳನ್ನು ಒರೆಸಬೇಕು.

== ಮಲೆನಾಡಿನ ವಿಶೇಷ ತೊಡಕುಗಳು ==

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಹವೆಯೂ ಕೃಷಿಯೂ ಈ ಕೆಲಸದ ವೇಳೆಯನ್ನು ನಿರ್ಧರಿಸುತ್ತವೆ. ಶೃಂಗೇರಿಗೆ ಸಮೀಪದ, ಶಿವಮೊಗ್ಗ ಜಿಲ್ಲೆಗೆ ಸೇರಿದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಹೆಚ್ಚು ಮಳೆಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ ತುಂಬಿರುವುದರಿಂದ ಸೀಟುಗಳು ಒಣಗುವುದಿಲ್ಲ. ನಿಲ್ಲಿಸಿಟ್ಟ ವಾಹನದೊಳಗೆ ಬೂಸ್ಟು ಹಬ್ಬುತ್ತದೆ. ತೇವ ಹೆಚ್ಚಿದ್ದಾಗ ಕೆಲವು ಸೆರಾಮಿಕ್ ಲೇಪನಗಳು ಒರೆಸುವ ಮೊದಲೇ ಬಿಗಿದುಕೊಂಡು ಕಲೆಯಾಗಿ ನಿಲ್ಲುತ್ತವೆ. ಅಂತಹ ಕಲೆಯನ್ನು ಮತ್ತೆ ಪಾಲಿಶ್ ಮಾಡಿಯೇ ತೆಗೆಯಬೇಕು.

ಶೃಂಗೇರಿ ತಾಲ್ಲೂಕಿನ ಬೇಗಾರ್‌ನಂತಹ ಊರುಗಳ ಸುತ್ತಮುತ್ತ ಅಡಿಕೆ ತೋಟಗಳಿಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಬೇಕು. ತೋಟದ ಪಕ್ಕದಲ್ಲಿ ನಿಂತ ವಾಹನದ ಮೇಲೆ ಇದರ ಹನಿ ಬಿದ್ದು ಒಣಗಿದರೆ ನೀಲಿ ಛಾಯೆಯ ಸುಣ್ಣದ ಕಲೆ ಗಟ್ಟಿಯಾಗಿ ಕೂರುತ್ತದೆ. ಎಸ್ಟೇಟು ರಸ್ತೆಯ ಕೆಮ್ಮಣ್ಣು ಚಕ್ರದ ಒಳಗೋಡೆಗೆ ಪದರಪದರವಾಗಿ ಅಂಟಿಕೊಳ್ಳುತ್ತದೆ. ಪೇಟೆಯ ಕಾರನ್ನು ತೊಳೆಯುವುದಕ್ಕಿಂತ ಇಂತಹ ಜೀಪನ್ನು ತೊಳೆಯಲು ಹೆಚ್ಚು ಹೊತ್ತು ಬೇಕು. ದರ ಅದಕ್ಕೆ ತಕ್ಕಂತೆ ಏರುವುದು ಅಪರೂಪ.

ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ವಿದ್ಯುತ್ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಇರುವುದಿಲ್ಲ. ಪಂಪು ನಿಂತ ಅವಧಿಯನ್ನು ಕೂಲಿಯ ಲೆಕ್ಕಕ್ಕೆ ಸೇರಿಸುವವರು ಕಡಿಮೆ. ವಿದ್ಯುತ್ ಮರಳಿದ ಮೇಲೆ ಬಾಕಿ ಕೆಲಸವನ್ನೆಲ್ಲ ರಾತ್ರಿ ಕುಳಿತು ಮುಗಿಸಬೇಕಾಗುತ್ತದೆ.

== ಅವಸರದ ಪರಿಣಾಮಗಳು ==

=== ಕೆಲಸದ ಮೇಲೆ ===

ದಣಿದ ಕೈಯಲ್ಲಿ ಪಾಲಿಶ್ ಯಂತ್ರ ಒಂದೇ ಕಡೆ ನಿಂತರೆ ಬಣ್ಣ ಕಾಯುತ್ತದೆ. ಬಾಗಿಲಿನ ಅಂಚು, ಬಾನೆಟ್ಟಿನ ಏಣುಗಳಲ್ಲಿ ಪದರ ಇನ್ನೂ ತೆಳುವಾಗಿರುವುದರಿಂದ ಕ್ಷಣಮಾತ್ರದಲ್ಲಿ ಸವೆದುಹೋಗುತ್ತದೆ. ಹಾಗೆ ಸವೆದ ಭಾಗಕ್ಕೆ ಮತ್ತೆ ಬಣ್ಣ ಹೊಡೆಸುವುದೊಂದೇ ದಾರಿ. ಮಣ್ಣು ಪೂರ್ತಿ ಹೋಗುವ ಮೊದಲೇ ಬಟ್ಟೆಯಿಂದ ಒರೆಸಿದರೆ ಬಿಸಿಲಿನಲ್ಲಿ ಜೇಡರ ಬಲೆಯಂತೆ ಕಾಣುವ ಸೂಕ್ಷ್ಮ ಗೀರುಗಳು ಮೂಡುತ್ತವೆ.

=== ಆರೋಗ್ಯದ ಮೇಲೆ ===

ತಿರುಗುವ ಯಂತ್ರವನ್ನು ದಿನವಿಡೀ ಹಿಡಿದವರಿಗೆ ಬೆರಳುಗಳ ರಕ್ತನಾಳ ಮತ್ತು ನರಗಳಿಗೆ ಹಾನಿಯಾಗಿ, ಚಳಿಯಲ್ಲಿ ಬೆರಳು ಬಿಳಿಚಿಕೊಂಡು ಜೋಮು ಹಿಡಿಯುವ ಕಾಯಿಲೆ ಬರಬಹುದು. ಐರೋಪ್ಯ ಒಕ್ಕೂಟದ 2002ರ ನಿರ್ದೇಶನವು ಕೈಗೆ ತಾಗುವ ಕಂಪನಕ್ಕೆ ಎಂಟು ಗಂಟೆಯ ದಿನದ ಲೆಕ್ಕದಲ್ಲಿ ಪ್ರತಿ ಸೆಕೆಂಡಿನ ವರ್ಗಕ್ಕೆ 5 ಮೀಟರ್ ಎಂಬ ಮಿತಿಯನ್ನೂ, 2.5 ಮೀಟರ್ ದಾಟಿದಾಗಲೇ ಮುನ್ನೆಚ್ಚರಿಕೆ ಆರಂಭವಾಗಬೇಕೆಂಬ ನಿಯಮವನ್ನೂ ಹಾಕಿದೆ. ಈ ಲೆಕ್ಕದಲ್ಲಿ ಯಂತ್ರದ ಕಂಪನದಷ್ಟೇ ಅದನ್ನು ಹಿಡಿದ ಅವಧಿಯೂ ಮುಖ್ಯ.

ಸದಾ ನೀರು, ಸಾಬೂನುಗಳಲ್ಲಿ ನೆನೆದ ಕೈಕಾಲುಗಳ ಚರ್ಮ ಒಡೆಯುತ್ತದೆ. ಬಗ್ಗಿ ದುಡಿಯುವುದರಿಂದ ಸೊಂಟ, ಮಂಡಿಗಳಲ್ಲಿ ನೋವು ನಿಲ್ಲುತ್ತದೆ. ಚಕ್ರ ಶುಚಿಗೊಳಿಸುವ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ. ಸಾರ ಕಡಿಮೆಯಿರುವ ಈ ಆಮ್ಲ ಚರ್ಮಕ್ಕೆ ತಾಗಿದಾಗ ನೋವು ಕೂಡಲೇ ತಿಳಿಯದೆ, ಗಂಟೆಗಳ ನಂತರ ಒಳಗಿನ ಅಂಗಾಂಶ ಹಾನಿಗೊಂಡಾಗ ಕಾಣಿಸಿಕೊಳ್ಳಬಹುದು. ತಾಗಿದ ಜಾಗವನ್ನು ತಕ್ಷಣ ಧಾರಾಳ ನೀರಿನಿಂದ ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಇದಕ್ಕೆ ಕ್ಯಾಲ್ಸಿಯಂ ಗ್ಲುಕೋನೇಟ್ ಲೇಪವನ್ನು ಬಳಸುತ್ತಾರೆ. ಗಡುವಿನ ಅವಸರದಲ್ಲಿ ಮೊದಲು ಬಿಟ್ಟುಹೋಗುವವು ಕೈಗವಸು ಮತ್ತು ಕನ್ನಡಕಗಳು.

== ಕಾನೂನು ==

1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು ಅನ್ವಯವಾಗುವ ಪ್ರದೇಶಗಳಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಳ ಮಿತಿಯನ್ನು ಹಾಕಿತು. ಹೆಚ್ಚುವರಿ ದುಡಿಮೆ ಸೇರಿದರೂ ದಿನಕ್ಕೆ 10 ಗಂಟೆ ಮೀರಬಾರದು, ಅದಕ್ಕೆ ದುಪ್ಪಟ್ಟು ದರದಲ್ಲಿ ಕೂಲಿ ಕೊಡಬೇಕು, ಐದು ಗಂಟೆಗಿಂತ ಹೆಚ್ಚು ಎಡೆಬಿಡದೆ ದುಡಿಸದೆ ಒಂದು ಗಂಟೆಯ ಬಿಡುವು ನೀಡಬೇಕು, ವಾರಕ್ಕೊಂದು ರಜೆ ಕೊಡಬೇಕು ಎಂದೂ ಅದು ವಿಧಿಸಿತು.

1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ಯಾವುದೇ ವಸ್ತುವನ್ನು ಬಳಕೆಗೆ ಅಥವಾ ಮಾರಾಟಕ್ಕೆಂದು ತೊಳೆಯುವುದು, ಶುಚಿಗೊಳಿಸುವುದೂ 'ತಯಾರಿಕಾ ಪ್ರಕ್ರಿಯೆ'ಯೊಳಗೇ ಬರುತ್ತಿತ್ತು. ವಿದ್ಯುತ್ ಬಳಸುವ ಕಡೆ 10 ಮಂದಿ ಇದ್ದರೆ ಆ ಕಾಯ್ದೆ ಅನ್ವಯವಾಗುತ್ತಿತ್ತು. 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ಜಾರಿಗೊಳಿಸಿದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಒಂದು ಅದರ ಸ್ಥಾನವನ್ನು ಪಡೆದಿದ್ದು, ಈ ಸಂಖ್ಯೆಯನ್ನು 20ಕ್ಕೆ ಏರಿಸಿದೆ. ಮೂರು ನಾಲ್ಕು ಜನರ ವಾಟರ್ ಸರ್ವಿಸ್ ಅಂಗಡಿಗಳು ಎರಡೂ ಮಿತಿಗಳಿಗಿಂತ ಕೆಳಗೇ ಉಳಿಯುತ್ತವೆ. ಒಬ್ಬನೇ ನಡೆಸುವ ಅಂಗಡಿಯಲ್ಲಿ ಮಾಲೀಕನೇ ಕೆಲಸಗಾರನಾದ್ದರಿಂದ ಅವನ ದುಡಿಮೆಗೆ ಯಾವ ಮಿತಿಯೂ ಇಲ್ಲ.

== ನೀರಿನ ಅಭಾವ ==

2024ರ ಮಾರ್ಚ್‌ನಲ್ಲಿ ನೀರಿನ ತೀವ್ರ ಕೊರತೆ ಉಂಟಾದಾಗ ಬೆಂಗಳೂರು ಜಲಮಂಡಳಿಯು ವಾಹನ ತೊಳೆಯಲು ಕುಡಿಯುವ ನೀರನ್ನು ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡವನ್ನು ಘೋಷಿಸಿತು. ಇಂತಹ ಸಂದರ್ಭಗಳಲ್ಲಿ ಸಂಸ್ಕರಿಸಿದ ನೀರು ಅಥವಾ ಅತ್ಯಲ್ಪ ನೀರಿನ ವಿಧಾನಗಳು ನೆರವಾಗುತ್ತವೆ. ಆದರೆ ನೀರಿನ ಧಾರೆ ಮಾಡುವ ಕೆಲಸವನ್ನು ಆಗ ಕೈಯೇ ಮಾಡಬೇಕು. ಬಟ್ಟೆಯನ್ನು ಮತ್ತೆ ಮತ್ತೆ ಮಡಚಿ, ಬದಲಿಸಿ, ಮೆಲ್ಲಗೆ ಒರೆಸದಿದ್ದರೆ ಗೀರು ಬೀಳುತ್ತದೆ.

== ಇತರ ದೇಶಗಳಲ್ಲಿ ==

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯವು ಕಾರು ತೊಳೆಯುವ ಕೆಲಸಗಾರರಿಗೆ ಕೂಲಿ ವಂಚನೆಯಾಗುವುದನ್ನು ತಡೆಯಲು 2003ರಲ್ಲಿ ಪ್ರತ್ಯೇಕ ಕಾನೂನು ಮಾಡಿ, ಅಂಗಡಿಗಳ ನೋಂದಣಿಯನ್ನು ಕಡ್ಡಾಯಗೊಳಿಸಿತು. ಬ್ರಿಟನ್ನಿನ ಸಂಸತ್ತಿನ ಪರಿಸರ ಪರಿಶೀಲನಾ ಸಮಿತಿಯು 2018ರಲ್ಲಿ ಕೈಯಿಂದ ಕಾರು ತೊಳೆಯುವ ಅಂಗಡಿಗಳ ಕುರಿತು ವರದಿ ನೀಡಿ, ಅಲ್ಲಿನ ಕಾರ್ಮಿಕ ಶೋಷಣೆಯನ್ನೂ ಜಲಮಾಲಿನ್ಯವನ್ನೂ ಒಟ್ಟಿಗೆ ಎತ್ತಿ ತೋರಿಸಿತು.

== ಗಡುವಿನ ನಿರ್ವಹಣೆ ==

ಒತ್ತಡವನ್ನು ಕಡಿಮೆ ಮಾಡಲು ಅಂಗಡಿಗಳು ಕೆಲವು ಸರಳ ಕ್ರಮಗಳನ್ನು ಅನುಸರಿಸುತ್ತವೆ. ಹಬ್ಬಕ್ಕೆ ಮೊದಲೇ ವೇಳೆ ಗೊತ್ತುಮಾಡಿ ಚೀಟಿ ಕೊಡುವುದು, ಪಾಲಿಶ್ ಮತ್ತು ಲೇಪನದ ಕೆಲಸವನ್ನು ಹಬ್ಬದ ವಾರದಲ್ಲಿ ಒಪ್ಪಿಕೊಳ್ಳದೆ ತೊಳೆಯುವುದಕ್ಕಷ್ಟೇ ಸೀಮಿತವಾಗುವುದು, ಯಂತ್ರ ಹಿಡಿಯುವ ಸರದಿಯನ್ನು ಕೆಲಸಗಾರರ ನಡುವೆ ಬದಲಿಸುವುದು ಇವುಗಳಲ್ಲಿ ಮುಖ್ಯವಾದವು. ವಾಹನವನ್ನು ಒಪ್ಪಿಸಿಕೊಳ್ಳುವಾಗಲೇ ಒಣಗಲು ಬೇಕಾದ ಸಮಯವನ್ನು ಗಿರಾಕಿಗೆ ತಿಳಿಸಿ, ಅದನ್ನೂ ಸೇರಿಸಿ ಹಿಂದಿರುಗಿಸುವ ದಿನವನ್ನು ಬರೆದುಕೊಟ್ಟರೆ ಕೊನೆಯ ರಾತ್ರಿಯ ದುಡಿಮೆ ಬಹುಮಟ್ಟಿಗೆ ತಪ್ಪುತ್ತದೆ.