ಹಣ್ಣಿನ ತ್ಯಾಜ್ಯದಿಂದ ಸೂಕ್ಷ್ಮಜೀವಿ ತೈಲ

ಸೂಕ್ಷ್ಮಜೀವಿ ತೈಲವೆಂದರೆ ಯೀಸ್ಟ್, ಶಿಲೀಂಧ್ರ, ಪಾಚಿ ಮೊದಲಾದ ಸೂಕ್ಷ್ಮಜೀವಿಗಳು ತಮ್ಮ ಜೀವಕೋಶಗಳಲ್ಲಿ ಸಂಗ್ರಹಿಸಿಕೊಳ್ಳುವ ಕೊಬ್ಬು. ಹಣ್ಣಿನ ರಸ ಮತ್ತು ತಿರುಳನ್ನು ತಯಾರಿಸುವ ಕಾರ್ಖಾನೆಗಳಲ್ಲಿ ಉಳಿಯುವ ಸಿಪ್ಪೆ ಹಾಗೂ ಹಿಪ್ಪೆಗಳಲ್ಲಿನ ಸಕ್ಕರೆಯನ್ನು ಆಹಾರವಾಗಿ ನೀಡಿ ಈ ಜೀವಿಗಳನ್ನು ಬೆಳೆಸಬಹುದು. ಅವುಗಳಿಂದ ದೊರೆಯುವ ತೈಲವನ್ನು ಜೈವಿಕ ಡೀಸೆಲ್ ಆಗಿ ಪರಿವರ್ತಿಸಬಹುದು. ಇಂಧನಕ್ಕಾಗಿ ಖಾದ್ಯತೈಲವನ್ನೂ ಕೃಷಿಭೂಮಿಯನ್ನೂ ಬಳಸುವುದನ್ನು ತಗ್ಗಿಸುವುದು ಈ ವಿಧಾನದ ಉದ್ದೇಶವಾಗಿದೆ.

ತೈಲ ಸಂಗ್ರಹಿಸುವ ಜೀವಿಗಳು

ತಮ್ಮ ಒಣತೂಕದ ಶೇ. 20ಕ್ಕಿಂತ ಹೆಚ್ಚು ಕೊಬ್ಬನ್ನು ಸಂಗ್ರಹಿಸಬಲ್ಲ ಸೂಕ್ಷ್ಮಜೀವಿಗಳನ್ನು ತೈಲಯುಕ್ತ ಜೀವಿಗಳೆಂದು ವರ್ಗೀಕರಿಸಲಾಗುತ್ತದೆ. ಯಾರೋವಿಯಾ ಲಿಪೊಲಿಟಿಕಾ, ರೋಡೊಟೊರುಲಾ ಟೊರುಲಾಯ್ಡಿಸ್ ಮತ್ತು ಲಿಪೊಮೈಸಿಸ್ ಸ್ಟಾರ್ಕಿ ಎಂಬ ಯೀಸ್ಟ್‌ಗಳು ಇವುಗಳಲ್ಲಿ ಮುಖ್ಯವಾದವು. ಬೆಳೆಯುವ ದ್ರವದಲ್ಲಿ ಸಾರಜನಕ ಮುಗಿದು ಸಕ್ಕರೆ ಮಾತ್ರ ಉಳಿದಾಗ ಕೋಶವಿಭಜನೆ ನಿಲ್ಲುತ್ತದೆ. ಹೆಚ್ಚುವರಿ ಇಂಗಾಲವು ಕೊಬ್ಬಿನ ರೂಪದಲ್ಲಿ ಶೇಖರವಾಗುತ್ತದೆ. ಪಾಮಿಟಿಕ್, ಒಲಿಯಿಕ್ ಮತ್ತು ಲಿನೋಲಿಯಿಕ್ ಆಮ್ಲಗಳಿರುವ ಈ ಕೊಬ್ಬು ಸಸ್ಯತೈಲವನ್ನು ಹೋಲುತ್ತದೆ.

ತಯಾರಿಕೆಯ ವಿಧಾನ

ಕಿತ್ತಳೆಯ ರಸ ತೆಗೆದ ನಂತರ ಹಣ್ಣಿನ ತೂಕದ ಸುಮಾರು ಅರ್ಧಭಾಗ ತ್ಯಾಜ್ಯವಾಗಿ ಉಳಿಯುತ್ತದೆ. ಸಿಪ್ಪೆಯಲ್ಲಿರುವ ಲಿಮೊನೀನ್ ಎಂಬ ಸುಗಂಧ ದ್ರವ್ಯವು ಯೀಸ್ಟ್‌ಗಳ ಬೆಳವಣಿಗೆಯನ್ನು ತಡೆಯುವುದರಿಂದ ಅದನ್ನು ಮೊದಲು ಹಬೆಯ ಮೂಲಕ ಬೇರ್ಪಡಿಸಬೇಕಾಗುತ್ತದೆ. ಬಳಿಕ ದುರ್ಬಲ ಆಮ್ಲ ಅಥವಾ ಕಿಣ್ವಗಳಿಂದ ಸೆಲ್ಯುಲೋಸನ್ನು ಸಕ್ಕರೆಯಾಗಿ ಒಡೆಯಲಾಗುತ್ತದೆ. ಪೆಕ್ಟಿನ್‌ನಿಂದ ಬರುವ ಗ್ಯಾಲಕ್ಟುರೋನಿಕ್ ಆಮ್ಲವನ್ನು ಎಲ್ಲ ಯೀಸ್ಟ್‌ಗಳೂ ಬಳಸಿಕೊಳ್ಳಲಾರವು. ಗಾಳಿ ಹಾಯಿಸುವ ತೊಟ್ಟಿಗಳಲ್ಲಿ ಯೀಸ್ಟನ್ನು ಬೆಳೆಸಿ, ಕೋಶಗಳನ್ನು ಒಡೆದು, ದ್ರಾವಕದ ನೆರವಿನಿಂದ ತೈಲವನ್ನು ತೆಗೆಯಲಾಗುತ್ತದೆ. ಅದನ್ನು ಮೆಥನಾಲ್‌ನೊಂದಿಗೆ ವರ್ತಿಸಿದಾಗ ಜೈವಿಕ ಡೀಸೆಲ್ ಮತ್ತು ಗ್ಲಿಸರಾಲ್ ದೊರೆಯುತ್ತವೆ.

ಇತಿಹಾಸ

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕೊಬ್ಬಿನ ಅಭಾವ ಎದುರಿಸಿದ ಜರ್ಮನಿಯಲ್ಲಿ ಯೀಸ್ಟ್‌ನಿಂದ ಕೊಬ್ಬನ್ನು ಪಡೆಯುವ ಪ್ರಯತ್ನಗಳು ನಡೆದವು. 1985ರಲ್ಲಿ ಬ್ರಿಟನ್ನಿನಲ್ಲಿ ಮ್ಯೂಕರ್ ಎಂಬ ಶಿಲೀಂಧ್ರದ ತೈಲವು ಪೌಷ್ಟಿಕ ಪದಾರ್ಥವಾಗಿ ಮಾರುಕಟ್ಟೆಗೆ ಬಂದಿತು. ಶಿಶು ಆಹಾರಕ್ಕೆ ಸೇರಿಸುವ ಕೆಲವು ಕೊಬ್ಬುಗಳನ್ನು ಇಂದಿಗೂ ಸೂಕ್ಷ್ಮಜೀವಿಗಳಿಂದಲೇ ಪಡೆಯಲಾಗುತ್ತಿದೆ.

ಮಿತಿಗಳು

ಪೌಷ್ಟಿಕ ತೈಲಕ್ಕೆ ಹೆಚ್ಚಿನ ಬೆಲೆ ದೊರೆಯುತ್ತದೆ. ಇಂಧನವಾದರೋ ಪೆಟ್ರೋಲಿಯಂ ಡೀಸೆಲಿನೊಂದಿಗೆ ಸ್ಪರ್ಧಿಸಬೇಕು. ಸೈದ್ಧಾಂತಿಕವಾಗಿ 100 ಗ್ರಾಂ ಗ್ಲೂಕೋಸಿನಿಂದ ಸುಮಾರು 33 ಗ್ರಾಂ ತೈಲ ಸಾಧ್ಯವಾದರೂ ವಾಸ್ತವದಲ್ಲಿ 20 ಗ್ರಾಂ ದೊರೆತರೆ ಅದೇ ಉತ್ತಮ ಇಳುವರಿ. ಅಂದರೆ 1 ಕಿಲೋ ತೈಲಕ್ಕೆ ಸುಮಾರು 5 ಕಿಲೋ ಸಕ್ಕರೆ ಬೇಕು. ಆದ್ದರಿಂದಲೇ ಅಗ್ಗದ ತ್ಯಾಜ್ಯಕ್ಕೆ ಮಹತ್ವ ಬಂದಿದೆ.

ಆದರೆ ತ್ಯಾಜ್ಯವೂ ಸಂಪೂರ್ಣ ಉಚಿತವಲ್ಲ. ಕಿತ್ತಳೆ ಸಿಪ್ಪೆಯನ್ನು ಒಣಗಿಸಿ ಪಶು ಆಹಾರವಾಗಿ ಮಾರುವ ಪದ್ಧತಿ ಮೊದಲಿನಿಂದಲೂ ಇದೆ. ನೀರಿನಂಶ ಹೆಚ್ಚಿರುವ ತ್ಯಾಜ್ಯವು ಬೇಗನೆ ಕೊಳೆಯುವುದರಿಂದ ದೂರ ಸಾಗಿಸುವುದು ಕಷ್ಟ. ಮೇಲಾಗಿ ಅದು ಋತುಮಾನಕ್ಕೆ ಸೀಮಿತ: ಚಿತ್ತೂರು, ಕೃಷ್ಣಗಿರಿ ಪ್ರದೇಶಗಳ ಮಾವಿನ ತಿರುಳಿನ ಕಾರ್ಖಾನೆಗಳಲ್ಲಿ ಸಿಪ್ಪೆ, ಓಟೆಗಳು ರಾಶಿ ಬೀಳುವುದು ವರ್ಷದ ಕೆಲವೇ ತಿಂಗಳು. ತೊಟ್ಟಿಗಳಿಗೆ ಗಾಳಿ ಹಾಯಿಸಲು ತಗಲುವ ವಿದ್ಯುತ್ತೂ ವೆಚ್ಚವನ್ನು ಹೆಚ್ಚಿಸುತ್ತದೆ.

ಭಾರತದ 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು 2030ರ ವೇಳೆಗೆ ಡೀಸೆಲಿನಲ್ಲಿ ಶೇ. 5ರಷ್ಟು ಜೈವಿಕ ಡೀಸೆಲ್ ಬೆರೆಸುವ ಗುರಿಯನ್ನು ಸೂಚಿಸಿದೆ. ಹಣ್ಣಿನ ತ್ಯಾಜ್ಯದ ತೈಲವು ಇಂತಹ ಗುರಿಗೆ ನೆರವಾಗಬೇಕಾದರೆ ಲಿಮೊನೀನ್, ಪೆಕ್ಟಿನ್ ಹಾಗೂ ತೈಲ ತೆಗೆದ ಯೀಸ್ಟಿನ ಪ್ರೋಟೀನ್ ಇವುಗಳ ಮಾರಾಟದಿಂದಲೂ ಆದಾಯ ಬರಬೇಕಾಗುತ್ತದೆ.